ಸೇತುರಾಮಯ್ಯನವರ ಮಂಡಿ, ಶಾಮಣ್ಣನ ಮಾತ್ರೆ

ಅಷ್ಟೂ ತಾಪತ್ರಯ ಶುರುವಾದದ್ದು ಸೇತುರಾಮಯ್ಯನವರ ಎಡಮಂಡಿಯಿಂದ. ಭಾನುವಾರ ಮಗಳು ಜಯಾಳನ್ನು ಧಾರೆಯೆರೆದು ಕೊಡಬೇಕು. ಗುರುವಾರ ಬೆಳಿಗ್ಗೆ ಎದ್ದರೆ ಮಂಡಿ ಮಡಿಸಲು ಬರುತ್ತಿಲ್ಲ. ಒಬ್ಬಳೇ ಮಗಳು. ಮಣೆಯ ಮೇಲೆ ಕೂತೇ ಅವಳ ಕೈ ಹಿಡಿದು ಕೊಡಬೇಕೆಂದು ಅವರ ಆಸೆ.

ಉಬ್ಬಸಕ್ಕೆಂದು ಡಾಕ್ಟರ್ ಚಕ್ರಪಾಣಿ ಬರೆದುಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ಅವರು ತಿಂಗಳಿಂದ ನುಂಗುತ್ತಿದ್ದರು. ಉಸಿರು ಸಲೀಸಾಗಿತ್ತು, ಮುಖ ಮಾತ್ರ ಕಡುಬಿನಂತೆ ಊದಿಕೊಂಡಿತ್ತು. ಜಯನಗರದ ಆ ಬೀದಿಯಲ್ಲಿ ಮಾತ್ರೆ ಕೇಳುವುದೆಂದರೆ ಹೆಪ್ಪಿಗೆ ಮೊಸರು ಕೇಳಿದ ಹಾಗೆ, ಯಾರಿಗೂ ಸಂಕೋಚವಿಲ್ಲ. ಪಕ್ಕದ ಮನೆಯ ಶಾಮಣ್ಣ ಡಬ್ಬಿ ತುಂಬ ತಂದೇಬಿಟ್ಟ.

“ನನ್ನ ಮಂಡಿಗೆ ದೊಡ್ಡ ಡಾಕ್ಟ್ರು ಬರೆದಿದ್ದು ಸಾರ್. ನುಂಗಿ, ಕುದುರೆ ಹಾಗೆ ಓಡಾಡ್ತೀರ.”

ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು. ಮಂಡಿ ಮಡಿಸಲು ಬಂತು! ಹೆಂಡತಿ ಉಮಾಮಹೇಶ್ವರಿಯ ಮುಂದೆ ಮೂರು ಸಲ ಮಣೆಯ ಮೇಲೆ ಕೂತು ಎದ್ದು ತೋರಿಸಿದರು. ನಾಲ್ಕು ಗಂಟೆಗೆ ಹೊಟ್ಟೆ ಹಿಂಡತೊಡಗಿತು. ಹೂವಿನ ಮುನಿಯಕ್ಕ ಹೇಳಿದ ಜೀರಿಗೆ ಕಷಾಯಕ್ಕೂ ಜಗ್ಗಲಿಲ್ಲ. ಜಯಾ ಹೆದರಿ ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಡಾಕ್ಟರ್ ಚಕ್ರಪಾಣಿಯವರ ಶಾಪಿಗೆ ಕರೆದೊಯ್ದಳು.

“ಉಬ್ಬಸದ ಮಾತ್ರೆ ಜೊತೆ ಇದನ್ನೂ ತಗೊಂಡ್ರಾ? ಎರಡೂ ಸೇರಿದ್ರೆ ಹೊಟ್ಟೇಲಿ ಹುಣ್ಣಾಗಿ ರಕ್ತ ಹೋಗುತ್ತೆ ಕಣ್ರೀ! ಯಾರು ಬರೆದಿದ್ದು?” ಎಂದು ಡಾಕ್ಟರು ಶಾಮಣ್ಣನ ಮಾತ್ರೆ ನೋಡಿ ಗದರಿದರು.

“ಬರೆದಿದ್ದು ದೊಡ್ಡ ಡಾಕ್ಟ್ರೇ ಸಾರ್. ಶಾಮಣ್ಣನಿಗೆ.”

“ಇದನ್ನ ಈಗಲೇ ಬಿಡಿ. ಉಬ್ಬಸದ್ದನ್ನ ಮಾತ್ರ ಏಕಾಏಕಿ ನಿಲ್ಲಿಸಬೇಡಿ, ಒಂದು ಹೊತ್ತೂ ತಪ್ಪಬಾರದು. ಧಾರೆಗೆ ಕುರ್ಚಿ ಮೇಲೆ ಕೂತ್ಕೊಳ್ಳಿ. ಹುಡುಗಿಗೆ ಬೇಕಾಗಿರೋದು ಅಪ್ಪ, ಮಣೆ ಅಲ್ಲ.”

ಜಯಾ ಅಪ್ಪನ ಕೈ ಒತ್ತಿದಳು. ಸೇತುರಾಮಯ್ಯನವರ ಕಣ್ಣು ತುಂಬಿ ಬಂತು.

ಮನೆಗೆ ಬಂದವರೇ, “ನನ್ನ ಉಬ್ಬಸದ ಮಾತ್ರೆ ಎಲ್ಲೇ?” ಎಂದರು.

“ಮಧ್ಯಾಹ್ನ ಮಾತ್ರೆ ಬೇರೆ ಕಡೆ ಸುರಿದಿಟ್ಟು ಶಾಮಣ್ಣೋರ ಡಬ್ಬಿ ವಾಪಸ್ ಕೊಟ್ಟೆ ಕಣ್ರೀ. ಖಾಲಿ ಡಬ್ಬಿ ಕೊಡೋಕಾಗುತ್ತಾ? ಪಾಪ, ಅವರೂ ಕೆಮ್ತಿದ್ರು. ನಿಮಗೆ ಅಷ್ಟು ಚೆನ್ನಾಗಿ ಹಿಡಿಸಿದೆಯಲ್ಲ ಅಂತ ಅದನ್ನೇ ಹಾಕಿ ಕೊಟ್ಟೆ.”

“ಎಲ್ಲಾನೂನಾ?”

“ಅವರು ಡಬ್ಬಿ ತುಂಬ ಕೊಟ್ಟಿದ್ರಲ್ರೀ!”

ಅಷ್ಟರಲ್ಲಿ ಶಾಮಣ್ಣನೇ ಹೊಟ್ಟೆ ಹಿಡಿದುಕೊಂಡು ಗೇಟಿನ ಹತ್ತಿರ ಬಂದ. “ಸಾರ್, ನಿಮ್ಮದೆರಡು ನನ್ನದೆರಡು ಒಟ್ಟಿಗೇ ನುಂಗಿದೆ. ಪ್ರಾಣ ಹೋಗ್ತಿದೆ.”

“ಮಿಕ್ಕಿದ್ದು ಎಲ್ಲಪ್ಪಾ?”

“ನಮ್ಮ ಭಾವನಿಗೂ ಕೆಮ್ಮು ಸಾರ್. ಹುಳಿಮಾವಿಗೆ ಹೋಗೋ ಬಸ್ಸಲ್ಲಿ ಅವನಿಗೆ ಕಳಿಸಿಬಿಟ್ಟೆ.”

ಜಯಾ ಅಳಬೇಕೋ ನಗಬೇಕೋ ತಿಳಿಯದೆ ಬೀದಿಗೆ ಓಡಿ, ಆಗಷ್ಟೇ ಹೊರಟಿದ್ದ ಆಟೋವನ್ನು ಮತ್ತೆ ಕೂಗಿ ನಿಲ್ಲಿಸಿದಳು.