ಬ್ರೇಕಿನ ಪೆಟ್ಟಿಗೆ ಮತ್ತು ಹಲಸಿನ ಹಪ್ಪಳ

ನನಗೆ ಜೋರಾಗಿ ಬೈಯಲು ಬರುವುದಿಲ್ಲ. ಕೋಪ ಬಂದರೆ ನನ್ನ ಕನ್ನಡ ಇನ್ನಷ್ಟು ಶುದ್ಧವಾಗುತ್ತದೆ, ‘ದಯವಿಟ್ಟು’ ಎಂಬ ಪದ ಎರಡೆರಡು ಸಲ ಬರುತ್ತದೆ. ಹಾಗಾಗಿ ಎದುರಿನವರಿಗೆ ನನ್ನ ಕೋಪ ಗೊತ್ತೇ ಆಗುವುದಿಲ್ಲ. ಅದರಿಂದ ಮತ್ತೂ ಕೋಪ ಬರುತ್ತದೆ. ಆ ಮಳೆಗಾಲದಲ್ಲಿ ಬಂಟ್ವಾಳದ ಒಂದು ಮರದ ಮಿಲ್ಲಿನಲ್ಲಿ ನಾನು ಖರ್ಚು ಮಾಡಿದಷ್ಟು ‘ದಯವಿಟ್ಟು’ಗಳನ್ನು ಮದುವೆ ಕಾಗದ ಹಂಚುವವರೂ ಖರ್ಚು ಮಾಡಿರಲಾರರು.

ಆಗ ನಾನು ಮೂಡುಬಿದಿರೆಯ ಸಣ್ಣ ಕಂಪೆನಿಯೊಂದರಲ್ಲಿ ಎಂಜಿನಿಯರ್. ಮೋಟಾರಿನ ವೇಗವನ್ನು ಹಿಡಿತದಲ್ಲಿಡುವ ಡ್ರೈವ್ ಕೂರಿಸುವುದು ನಮ್ಮ ಕೆಲಸ. ಆ ಮಿಲ್ಲಿನ ಗರಗಸದ ಚಕ್ರ ಗಾಡಿಯ ಚಕ್ರದಷ್ಟು ದೊಡ್ಡದು. ಸ್ವಿಚ್ಚು ಆರಿಸಿದರೂ ಒಂದು ಬೀಡಿ ಸೇದಿ ಮುಗಿಯುವವರೆಗೆ ತಿರುಗುತ್ತಿತ್ತು. ಗರಗಸ ನಡೆಸುವ ದೇಜಪ್ಪಣ್ಣನ ಕಿರುಬೆರಳು ಹೋದದ್ದು ಹಾಗೆ ತಿರುಗುತ್ತಿದ್ದಾಗಲೇ. ನಾನು ಕೂರಿಸಿದ ಡ್ರೈವ್ ಅದನ್ನು ಎಂಟು ಸೆಕೆಂಡಿನಲ್ಲಿ ನಿಲ್ಲಿಸುತ್ತದೆ. ಆದರೆ ಓಡುವ ಚಕ್ರವನ್ನು ತಡೆಯುವಾಗ ಮೋಟಾರೇ ಜನರೇಟರಿನಂತಾಗಿ ಕರೆಂಟನ್ನು ಡ್ರೈವಿನೊಳಗೆ ವಾಪಸು ತಳ್ಳುತ್ತದೆ. ಆ ಕರೆಂಟಿಗೆ ಹೋಗಲು ಜಾಗ ಇಲ್ಲದಿದ್ದರೆ ವೋಲ್ಟೇಜು ಏರಿ, ಡ್ರೈವ್ ತನ್ನ ಜೀವ ಉಳಿಸಿಕೊಳ್ಳಲು ಕೈಬಿಡುತ್ತದೆ, ಚಕ್ರ ತನ್ನ ಪಾಡಿಗೆ ತಿರುಗುತ್ತದೆ. ಆ ಜಾಗವೇ ಬ್ರೇಕಿಂಗ್ ರೆಸಿಸ್ಟರ್. ತೂತು ತೂತಿನ ತಗಡಿನ ಪೆಟ್ಟಿಗೆಯೊಳಗೆ ಕೂತು, ಬಂದದ್ದನ್ನೆಲ್ಲ ಶಾಖ ಮಾಡಿ ಗಾಳಿಗೆ ಬಿಡುತ್ತದೆ. ನನಗಿಂತ ಒಳ್ಳೆಯ ಸ್ವಭಾವ.

“ಎಂತ ಮೇಡಂ, ನಿಮ್ಮ ಬ್ರೇಕು ಬೆಳಿಗ್ಗೆ ಹಿಡೀತದೆ, ಮಧ್ಯಾಹ್ನ ಬಿಡ್ತದೆ!” ಎಂದು ಮಿಲ್ಲಿನ ಯಜಮಾನರಾದ ಹಸನಬ್ಬಾಕ ಫೋನು ಮಾಡಿದರು. ಬರುತ್ತೇನೆಂದು ತಿಳಿಸಿ, ಬಸ್ಸು ಹಿಡಿದು ಹೋದೆ. ನನ್ನೆದುರು ಚಕ್ರ ಎಂಟೇ ಸೆಕೆಂಡಿಗೆ ನಿಂತಿತು. “ನಿಮ್ಮನ್ನು ಕಂಡ್ರೆ ಅದಕ್ಕೆ ಹೆದರಿಕೆ,” ಎಂದು ಹಸನಬ್ಬಾಕ ನಕ್ಕರು. ಮುಂದಿನ ವಾರವೂ ಇದೇ ಕಥೆ. ನಮ್ಮ ಬಾಸ್ ಕನ್ನಡಕ ತೆಗೆದು, “ಇನ್ನೊಂದು ಕಂಪ್ಲೇಂಟ್ ಬಂದ್ರೆ ಸೈಟಿಗೆ ಯಾರಾದ್ರೂ ಹುಡುಗರನ್ನು ಕಳಿಸುವ. ನೀವು ಇಲ್ಲೇ ಡ್ರಾಯಿಂಗ್ ನೋಡಿಕೊಳ್ಳಿ, ಫ್ಯಾನ್ ಉಂಟು,” ಎಂದರು. ಫ್ಯಾನಿನ ಕೆಳಗೆ ಕೂರಲು ನಾನು ನಾಲ್ಕು ವರ್ಷ ಓದಿರಲಿಲ್ಲ.

ಮೂರನೆಯ ಸಲ ಹೇಳದೆ ಹೋದೆ. ನನ್ನ ರೆಸಿಸ್ಟರಿನ ಪೆಟ್ಟಿಗೆಯ ಮೇಲೆ ಚಾಪೆ. ಚಾಪೆಯ ಮೇಲೆ ಸಾಲಾಗಿ ಹಲಸಿನ ಹಪ್ಪಳ. ಮರದ ಹುಡಿ ಬೀಳಬಾರದೆಂದು ಅದರ ಮೇಲೊಂದು ಮೈ ಒರೆಸುವ ದೊಡ್ಡ ಬೈರಾಸು, ಪೆಟ್ಟಿಗೆಯ ನಾಲ್ಕೂ ಬದಿ ಮುಚ್ಚುವಂತೆ. ಶಾಖ ಹೊರಗೆ ಹೋಗಲಾರದೆ ಪೆಟ್ಟಿಗೆ ಕಾದಾಗ, ಸುಡದಿರಲೆಂದು ನಾನೇ ಇಟ್ಟಿದ್ದ ಸ್ವಿಚ್ಚು ರೆಸಿಸ್ಟರಿನ ಸಂಪರ್ಕ ಕಡಿದುಹಾಕುತ್ತಿತ್ತು. ಬ್ರೇಕು ಅಲ್ಲಿಗೆ ಮುಗಿಯಿತು.

“ಬಿಸಿಲೇ ಇಲ್ಲವಲ್ಲ ಅಕ್ಕ,” ಎಂದ ದೇಜಪ್ಪಣ್ಣ. “ಅರ್ಧ ಒಣಗುವಾಗ ಮಳೆ ಹಿಡೀತು. ನೀವು ಬರುವ ದಿನ ತೆಗೆದಿಡ್ತೇನೆ. ಇಂಜಿನಿಯರು ಬರುವಾಗ ಕ್ಲೀನ್ ಇರ್ಬೇಕಲ್ಲ?”

“ದೇಜಪ್ಪಣ್ಣ, ದಯವಿಟ್ಟು ನಿಮ್ಮ ಬೆರಳು ಎಣಿಸಿ.”

ಅವನು ನಿಜಕ್ಕೂ ಎಣಿಸಿದ. “ಒಂಬತ್ತು ಉಂಟು.”

“ಹಪ್ಪಳ?”

“ನೂರಿಪ್ಪತ್ತು.”

ಆಗ ನಾನು ಕಿರುಚಿದೆ. ‘ದಯವಿಟ್ಟು’ ಇಲ್ಲದೆ, ವ್ಯಾಕರಣವೂ ಇಲ್ಲದೆ, ಹೆಚ್ಚಿನದು ತುಳುವಿನಲ್ಲಿ. ಗರಗಸ ನಿಲ್ಲುವುದಕ್ಕಿಂತ ಬೇಗ ಮಿಲ್ಲು ನಿಂತಿತು. “ಅಲ್ಲಾ, ಇವರಿಗೆ ಕೋಪ ಸಹ ಬರ್ತದಾ?” ಎಂದರು ಹಸನಬ್ಬಾಕ. ಚಾಪೆ ಇಡಲಾಗದಂತೆ ಪೆಟ್ಟಿಗೆಯ ಮೇಲೆ ಇಳಿಜಾರಾಗಿ ಸರಳಿನ ಗೂಡು ವೆಲ್ಡ್ ಮಾಡಿಸಿದೆ. ಸಂಜೆಯವರೆಗೆ ಚಕ್ರ ಪ್ರತಿ ಸಲವೂ ಎಂಟೇ ಸೆಕೆಂಡಿಗೆ ನಿಂತಿತು. ಹಸನಬ್ಬಾಕ ನನ್ನೆದುರೇ ಬಾಸಿಗೆ ಫೋನು ಮಾಡಿದರು: “ಈಗ ಫಸ್ಟ್ ಕ್ಲಾಸ್. ಇನ್ನು ಇವರನ್ನೇ ಕಳಿಸಿ. ನೀವೇ ಹೇಳಿಕೊಟ್ಟದ್ದಲ್ವಾ?” ಆ ಕಡೆಯಿಂದ “ಹೌದು, ಹೌದು” ಎಂಬ ನಗು ನನಗೂ ಕೇಳಿಸಿತು.

ಹೊರಡುವಾಗ ದೇಜಪ್ಪಣ್ಣ ಒಂದು ಕಟ್ಟು ಹಪ್ಪಳ ಕೈಗಿಟ್ಟ. ಬಸ್ಸಿನಲ್ಲಿ ಅದನ್ನು ಹೊರಗೆಸೆಯಬೇಕೆಂದು ಮೂಡುಬಿದಿರೆ ಹತ್ತಿರದ ತೋಡಾರಿನವರೆಗೂ ಯೋಚಿಸಿದೆ. ಮನೆಯಲ್ಲಿ ಅಮ್ಮ ಕರಿದು, ಮುರಿದು ನೋಡಿ, “ಈ ಮಳೆಯಲ್ಲಿ ಇಷ್ಟು ಹದವಾಗಿ ಹೇಗೆ ಒಣಗಿಸಿದ್ರು ಮಾರಾಯ್ತಿ?” ಎಂದರು. ಆ ಕೆಲಸವನ್ನು ಬಾಸಿನ ಲೆಕ್ಕಕ್ಕೆ ಹಾಕದೆ ಯಾರಾದರೂ ಹೊಗಳಿದ್ದು ಅದೇ ಮೊದಲು.

“ಒಣಗಿಸಿದ ಪೆಟ್ಟಿಗೆ ನಾನು ಕೂರಿಸಿದ್ದು,” ಎಂದು ಹೇಳಿ, ಇನ್ನೆರಡು ಹಾಕಿಸಿಕೊಂಡೆ.