ಗೊಂಬೆಗೆ ಹಾಜರಿ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದೇ ಒಂದು ಸೀನು. ಅದೂ ಹೇಳಿಕೊಳ್ಳುವಂಥ ಸೀನೇನಲ್ಲ, ಬೆಕ್ಕು ಸೀನಿದಷ್ಟು. ಊರಿನ ಪುಟ್ಟ ವಸ್ತುಸಂಗ್ರಹಾಲಯದ ಕೊನೆಯ ಕೋಣೆಯಲ್ಲಿ ಕಾವಲುಗಾರ ಬೆಳಗ್ಗೆ ಧೂಳು ಹೊಡೆಯುತ್ತಿದ್ದ. ಸೀನಿದ. ಎದುರಿಗೆ ಕೂತಿದ್ದ ಆಳೆತ್ತರದ ವರ್ತಕನ ಗೊಂಬೆಯ ತಲೆ ‘ಆಗಲಿ ಬುದ್ಧಿ’ ಎನ್ನುವಂತೆ ಒಮ್ಮೆ ಬಾಗಿ, ಮಡಿಲಿಗೆ ಬಿದ್ದು, ಅಲ್ಲಿಂದ ನೆಲಕ್ಕುರುಳಿ ಚೂರುಚೂರಾಯಿತು.

ಬೇರೆ ದಿನವಾಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಇಷ್ಟು ವರ್ಷ ಅವನ ಕೆಲಸವೆಂದರೆ ‘ಮುಟ್ಟಬೇಡಿ’ ಎನ್ನುವುದು. ಬೀದಿಯ ಮಕ್ಕಳು ಅವನಿಗಿಟ್ಟ ಹೆಸರೇ ಮುಟ್ಟಬೇಡಿ ಮಾಮ. ಇವತ್ತು ಮಾತ್ರ ಸಂಗ್ರಹಾಲಯದ ಮೇಡಂ ಆ ಬೋರ್ಡುಗಳನ್ನೆಲ್ಲ ತೆಗೆಸಿ ‘ಮುಟ್ಟಿ ನೋಡಿ’ ಎಂದು ಬರೆಸಿದ್ದರು. ಶಾಲೆಯ ಮಕ್ಕಳು ಬಂದು ಕೊನೆಯ ಕೋಣೆಯಲ್ಲಿ ಜೋಡಿಸಿಟ್ಟ ಹಳೇ ಕಾಲದ ಅಂಗಡಿಯಲ್ಲಿ ತಾವೇ ತಕ್ಕಡಿ ಹಿಡಿದು ತೂಗಬೇಕು. ಗೊಂಬೆ ಕೊಡಿಸಿದ್ದ ಸಂಗ್ರಹಾಲಯ ಸಮಿತಿಯ ಅಧ್ಯಕ್ಷರೂ ಬರುವವರಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಬರುತ್ತಿದ್ದುದು ಅವನ ಮಗಳ ಕ್ಲಾಸು. ‘ತಕ್ಕಡಿ ತೋರಿಸಿಕೊಡೋದು ನಮ್ಮಪ್ಪಾನೇ’ ಎಂದು ಅವಳು ವಾರದಿಂದ ಸಾರಿಕೊಂಡು ತಿರುಗಿದ್ದಳು.

“ಅಯ್ಯಯ್ಯೋ, ತಲೇನೇ ತೆಗೆದ್ಬಿಟ್ರಲ್ಲ!” ಕಸ ಗುಡಿಸುವ ಅಕ್ಕ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಮೆಲ್ಲಗೆ ಅಕ್ಕಾ! ನಾನು ಬರೀ ಸೀನಿದ್ದು.”

“ಸೀನಿದ್ರೆ ತಲೆ ಹೋಗುತ್ತಾ? ಯಾರು ನಂಬ್ತಾರೆ? ಅಧ್ಯಕ್ಷರು ಇವತ್ತೇ ನಿಮ್ಮನ್ನ ಮನೆಗೆ ಕಳಿಸ್ತಾರೆ.” ಅಕ್ಕ ಕುಂಬಳಕಾಯಿ ಆರಿಸುವವಳಂತೆ ಅವನನ್ನು ಸುತ್ತಲೂ ನೋಡಿದಳು. “ಅದೇ ಮೀಸೆ, ಅದೇ ಹೊಟ್ಟೆ. ನೀವೇ ಕೂತ್ಬಿಡಿ.”

“ಮಗಳಿಗೆ ಮಾತು ಕೊಟ್ಟಿದೀನಿ ಅಕ್ಕಾ!”

“ಕೆಲಸ ಹೋದ್ಮೇಲೆ ಅವಳಿಗೇನು ತೋರಿಸ್ತೀರಿ? ಕೈ ಎತ್ತಿ!”

ಹೊರಗೆ ಬಸ್ಸು ನಿಂತ ಸದ್ದಾಯಿತು. ತಲೆಯಿಲ್ಲದ ವರ್ತಕ ಪರದೆಯ ಹಿಂದೆ ಸರಿದ. ಅವನ ಕೋಟು, ಪೇಟ ಕಾವಲುಗಾರನ ಮೈಗೇರಿದವು. ಅಕ್ಕ ಸೀಮೆಸುಣ್ಣ ಪುಡಿ ಮಾಡಿ ಮುಖಕ್ಕೆ ಬಳಿದಳು. ಗೊಂಬೆಯದು ಬರಿಗಾಲು, ಆದ್ದರಿಂದ ಇವನ ಚಪ್ಪಲಿಯೂ ಹೋಯಿತು. ಬೆಳಗ್ಗೆ ಹೊಸ್ತಿಲು ಎಡವಿದ ಹೆಬ್ಬೆರಳಿಗೆ ಮಗಳು ತನ್ನ ನೀಲಿ ರಿಬ್ಬನ್ನಿನ ತುಂಡು ಕಟ್ಟಿದ್ದಳು. ಅದನ್ನು ಬಿಚ್ಚುವಷ್ಟು ಹೊತ್ತಿರಲಿಲ್ಲ.

ಮಕ್ಕಳು ಜೇನುಗೂಡಿಗೆ ಕಲ್ಲು ಬಿದ್ದಂತೆ ನುಗ್ಗಿದರು. ಒಬ್ಬ ಮೀಸೆ ಎಳೆದ. ಒಬ್ಬಳು ಕಿವಿಯೊಳಗೆ ಬೆರಳಿಟ್ಟು, “ಇದ್ರಲ್ಲಿ ಕೂದಲೂ ಇದೆ ಕಣೇ!” ಎಂದಳು. ಹಿಂದೆಯೇ ಬಂದ ಅಧ್ಯಕ್ಷರು ಹೊಟ್ಟೆಗೆ ತಿವಿದು, “ನಾನೇ ಕೊಡಿಸಿದ್ದು! ನೋಡಿ ಟೀಚರ್, ಮೈ ಬೆಚ್ಚಗೂ ಇದೆ!” ಎಂದು ಹಿಗ್ಗಿದರು.

“ಕಿಟಕಿ ಬಿಸಿಲು ಸಾರ್,” ಎಂದಳು ಅಕ್ಕ, ಕಿಟಕಿಯೇ ಇಲ್ಲದ ಗೋಡೆ ತೋರಿಸಿ.

ಅದೆಲ್ಲ ಸಹಿಸಬಹುದಾಗಿತ್ತು.

“ಎಲ್ಲೇ ನಿಮ್ಮಪ್ಪ? ಬರೀ ಬುರುಡೆ ಬಿಟ್ಟೆ ಅಲ್ವಾ?” ಎಂದು ಗೆಳತಿಯೊಬ್ಬಳು ಕೇಳಿದಾಗ ಮಗಳ ತುಟಿ ನಡುಗಿದ್ದನ್ನು ಮಾತ್ರ ಸಹಿಸಲಾಗಲಿಲ್ಲ. ‘ಇಲ್ಲೇ ಇದೀನಮ್ಮಾ’ ಎಂದು ಕೂಗಬೇಕೆನಿಸಿತು. ಕೂಗಿದರೆ ಕೆಲಸ ಹೋಗುತ್ತಿತ್ತು. ಮಗಳು ಅಳು ನುಂಗಿ ತಲೆ ತಗ್ಗಿಸಿದಳು. ತಗ್ಗಿಸಿದವಳ ಕಣ್ಣಿಗೆ ನೀಲಿ ರಿಬ್ಬನ್ನು ಬಿತ್ತು.

ಒಂದು ಗಳಿಗೆ ಅವಳೂ ಗೊಂಬೆಯಾದಳು. ಆಮೇಲೆ ಮೂಗೊರೆಸಿಕೊಂಡು ತಕ್ಕಡಿಗೆ ಕೈ ಹಾಕಿದಳು.

“ಅಪ್ಪ ನಂಗೇ ತೋರಿಸು ಅಂದಿದಾರೆ. ಎಲ್ರೂ ಸಾಲಾಗಿ ಬನ್ನಿ! ಮೊದ್ಲು ಖಾಲಿ ತಟ್ಟೆ ಸಮ ಇದ್ಯಾ ನೋಡ್ಬೇಕು. ಇಲ್ದಿದ್ರೆ ಅಂಗಡಿಯವನು ಮೋಸ ಮಾಡ್ತಾನೆ. ಏಯ್, ಮೀಸೆ ಎಳೀಬೇಡ್ವೋ, ಮೆಲ್ಲಗೆ ಸವರು!”

ದಿನವೂ ರಾತ್ರಿ ಊಟದ ಹೊತ್ತಿನಲ್ಲಿ ಅವನು ತಕ್ಕಡಿಯ ಬಗ್ಗೆ ಹೇಳುತ್ತಿದ್ದುದೆಲ್ಲ, ಅವಳು ಕೇಳಿಸಿಕೊಳ್ಳುತ್ತಿಲ್ಲ ಎಂದು ಅವನು ತಿಳಿದಿದ್ದುದೆಲ್ಲ, ಅಪ್ಪಟ ಅವನದೇ ಧಾಟಿಯಲ್ಲಿ ಹೊರಬಂತು. ಒಬ್ಬೊಬ್ಬರೂ ತೂಕದ ಕಲ್ಲು ಎತ್ತಿದರು, ಕಾಳು ತೂಗಿದರು, ಚೆಲ್ಲಿದರು, ಮತ್ತೆ ತೂಗಿದರು. ಗೊಂಬೆಯ ಕಣ್ಣು ತುಂಬಿತು. ಕಣ್ಣೀರಿಗೆ ಸೀಮೆಸುಣ್ಣ ಕಲೆತು ಮೂಗಿಗಿಳಿಯಿತು. ಬಂತು ಸೀನು!

“ಹಾಕ್ಷೀ!”

ಎಲ್ಲರೂ ಗೊಂಬೆಯತ್ತ ತಿರುಗಿದರು. ಮಗಳು ಥಟ್ಟನೆ ಮೂಗು ಹಿಡಿದುಕೊಂಡು, “ನಾನೇ! ನೆಗಡಿ,” ಎಂದಳು.

“ನಿಮ್ಮಪ್ಪನ ಥರಾನೇ ಸೀನ್ತೀಯಲ್ಲೇ,” ಎಂದಳು ಅಕ್ಕ, ತಡೆಯಲಾರದೆ.

ಹೊರಡುವಾಗ ಟೀಚರು ಹೇಳಿದರೆಂದು ಮಕ್ಕಳೆಲ್ಲ ಗೊಂಬೆಯ ಕೈ ಕುಲುಕಿ, “ಥ್ಯಾಂಕ್ಯೂ ಅಂಗಡಿ ತಾತ,” ಎಂದರು. ಮೀಸೆ ಎಳೆದವನು ಅದನ್ನು ತೀಡಿ ಸರಿಮಾಡಿಯೂ ಹೋದ. ಇಷ್ಟು ವರ್ಷದಲ್ಲಿ ಒಂದು ಮಗುವೂ ಅವನಿಗೆ ಥ್ಯಾಂಕ್ಸ್ ಹೇಳಿರಲಿಲ್ಲ. ‘ಮುಟ್ಟಬೇಡಿ’ ಎಂದವನಿಗೆ ಯಾರು ಹೇಳುತ್ತಾರೆ?

ವೇಷ ಕಳಚಿ, ಮುಖ ತೊಳೆದು ಹೊರಬಂದರೆ ಬಾಗಿಲಲ್ಲೇ ಅಧ್ಯಕ್ಷರು. ಪಕ್ಕದಲ್ಲಿ ಮೇಡಂ.

“ಏನ್ರೀ, ಈಗ ದರ್ಶನ ಕೊಟ್ರಾ? ಬೆಳಗ್ಗಿಂದ ಎಲ್ಲಿ ಹಾಳಾಗಿ ಹೋಗಿದ್ರಿ? ಆ ಗೊಂಬೇನ ನೋಡಿ ಕಲೀರಿ! ಜಾಗ ಬಿಟ್ಟು ಅಲ್ಲಾಡಿದ್ಯಾ? ಮೇಡಂ, ಇವರಿಗೆ ಇವತ್ತು ಗೈರುಹಾಜರಿ ಹಾಕಿ!”

“ಹಾಕ್ತೀನಿ ಸಾರ್,” ಎಂದರು ಮೇಡಂ.

ಅಧ್ಯಕ್ಷರ ಕಾರು ಹೋಯಿತು. ಬಸ್ಸು ಹತ್ತುವ ಮೊದಲು ಮಗಳು ಓಡಿಬಂದು ಅವನ ಕೈ ಹಿಡಿದಳು. “ಥ್ಯಾಂಕ್ಸ್ ಅಪ್ಪಾ.”

“ಯಾಕಮ್ಮಾ? ನಾನೇನೂ ತೋರಿಸ್ಲೇ ಇಲ್ವಲ್ಲ.”

“ನನಗೆ ತೋರಿಸೋಕೆ ಬಿಟ್ಯಲ್ಲ!” ಎಂದು ಓಡಿಹೋದಳು.

ಆ ಧೈರ್ಯದಲ್ಲಿ ಅವನು ಮೇಡಂ ಕಡೆ ತಿರುಗಿದ. “ಮೇಡಂ, ಒಂದು ಮಾತು. ಗೊಂಬೆ ತಲೆ ನಾನೇ...”

“ಅಕ್ಕ ಎಲ್ಲ ಹೇಳಿದ್ಲು. ನಿಮ್ಮ ಸೀನಿಗೆ ಬಿದ್ದಿದ್ದಲ್ಲ ರೀ ಅದು,” ಮೇಡಂ ಸೆರಗಿನಲ್ಲಿ ಹಣೆ ಒರೆಸಿಕೊಂಡರು. “ನಿನ್ನೆ ಸಂಜೆ ಬೋರ್ಡು ಬದಲಾಯಿಸುವಾಗ ನನ್ನ ಮೊಣಕೈ ತಗಲಿ ಮುರೀತು. ಗೋಂದು ಹಚ್ಚಿ ಕೂರಿಸಿದ್ದೆ. ಇವತ್ತು ಯಾವ ಮಗು ಮುಟ್ಟಿ ಬೀಳಿಸುತ್ತೋ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ. ನೀವು ದೇವರ ಹಾಗೆ ಬಂದು ಕೂತ್ರಿ. ನಿಮ್ಮ ಉಪಕಾರ ಸಾಯೋತನಕ ಮರೆಯಲ್ಲ.”

“ಹಾಗಾದ್ರೆ ಗೈರುಹಾಜರಿ...”

“ಅದು ಹಾಕ್ಲೇಬೇಕಲ್ಲ ರೀ, ನಿಜ ಹೇಳಿದ್ರೆ ಇಬ್ಬರೂ ಮನೆಗೆ. ಇನ್ನೊಂದು ವಿಷಯ, ಅಧ್ಯಕ್ಷರಿಗೆ ಖುಷಿಯಾಗಿ ನಾಳೆಗೂ ಒಂದು ಶಾಲೆಗೆ ಹೇಳಿಬಿಟ್ಟಿದಾರೆ. ನಾಳೆಗೂ ನಿಮಗೆ...”

ಬಸ್ಸಿನ ಕಿಟಕಿಗಳ ತುಂಬ ಪುಟ್ಟ ಕೈಗಳು ಕೊನೆಯ ಕೋಣೆಯತ್ತ ಬೀಸುತ್ತಿದ್ದವು. ಒಂದು ಕೈ ಮಾತ್ರ ನೇರ ಅವನತ್ತ. ಮಕ್ಕಳು ಎಳೆದು ಎಳೆದು ನೋಯಿಸಿದ್ದ ಮೀಸೆಯನ್ನು ಅವನು ಮೆಲ್ಲಗೆ ತೀಡಿಕೊಂಡ.

“ಹಾಕಿ ಮೇಡಂ, ನಾಳೆಗೂ ಗೈರುಹಾಜರೀನೇ ಹಾಕಿ. ಆದರೆ ಸೀಮೆಸುಣ್ಣ ಮಾತ್ರ ಬೇಡ. ನಾಳೆ ಸೀನಿದ್ರೆ ಒಪ್ಕೊಳ್ಳೋಕೆ ಮಗಳಿರಲ್ಲ.”