ಮಂಗಾಫ್ ದಾಟಿದ ಮೇಲೆ ಬರುವ ಹಾಡು

ಸುಳ್ಳಿನಲ್ಲಿ ಎರಡು ಜಾತಿ. ಒಂದು, ಹೇಳಿದ ಕೂಡಲೇ ಮುಗಿದುಹೋಗುವಂಥದ್ದು; ಬಾಗಿಲು ತಟ್ಟಿದವರಿಗೆ ಒಳಗಿನಿಂದ 'ಯಜಮಾನರು ಮನೆಯಲ್ಲಿಲ್ಲ' ಎಂದು ಹೇಳಿಸುವ ಹಾಗೆ. ಇನ್ನೊಂದು, ಹೇಳಿದವನೇ ದಿನಾ ಬೆಳಿಗ್ಗೆ ಎದ್ದು ಹುಲ್ಲು ನೀರು ಕೊಟ್ಟು ಸಾಕಬೇಕಾದದ್ದು. ಕುವೈಟಿನಲ್ಲಿ ನಾನು ಎಂಟು ತಿಂಗಳು ಸಾಕಿದ್ದು ಈ ಎರಡನೆಯ ಜಾತಿಯದನ್ನು. ಅದಕ್ಕೆ ಕಾರಣ ಅಮೆರಿಕದ ದಕ್ಷಿಣ ಸೀಮೆಯ ಒಂದು ಹಳೆಯ ರಾಕ್ ತಂಡ. ತಂಡದ ಹೆಸರನ್ನು ಇಲ್ಲಿ ಬರೆಯಲಾರೆ. ಅದರ ಅಭಿಮಾನಿಗಳು ಸಜ್ಜನರು, ನಿಜ. ಆದರೆ ಅವರಿಗೆ ಜ್ಞಾಪಕಶಕ್ತಿ ಅಗತ್ಯಕ್ಕಿಂತ ಹೆಚ್ಚು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕ್ಯಾಸೆಟ್ಟುಗಳಲ್ಲಿ ಇನ್ನೂ ಉಸಿರಿತ್ತು. ನಾನು ಮೀನಾ ಅಬ್ದುಲ್ಲಾದ ಒಂದು ಕಂತ್ರಾಟು ಕಂಪೆನಿಯಲ್ಲಿ ಸ್ಟೋರ್‌ಕೀಪರ್. ಮನೆ ಫರ್ವಾನಿಯಾದಲ್ಲಿ. ಎರಡರ ನಡುವೆ ಮುಕ್ಕಾಲು ಗಂಟೆಯ ಹೆದ್ದಾರಿ. ಕಂಪೆನಿಯ ಬಸ್ಸು ಇತ್ತು. ಅದು ಬೆಳಿಗ್ಗೆ ನಾಲ್ಕೂವರೆಗೆ ಹೊರಟು, ಕಾರ್ಮಿಕರ ಕ್ಯಾಂಪುಗಳನ್ನೆಲ್ಲ ಪ್ರದಕ್ಷಿಣೆ ಹಾಕಿ, ನಾವು ಗೇಟು ತಲುಪುವಾಗ ಅರ್ಧ ದಿನದ ಆಯಾಸವನ್ನು ಮುಂಗಡವಾಗಿ ಕೊಟ್ಟಿರುತ್ತಿತ್ತು. ಸ್ವಂತ ಕಾರು ಇಡೋಣವೆಂದರೆ ನಾನು ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ನಪಾಸಾದವನು. ಮೂರನೆಯ ಸಲ ಪರೀಕ್ಷೆ ಮಾಡುತ್ತಿದ್ದ ಪೊಲೀಸಿನವರು ಒಂದೇ ಮಾತಿನಲ್ಲಿ 'ಖಲಾಸ್' ಎಂದು, ಸ್ಟಿಯರಿಂಗನ್ನು ನನ್ನ ಕೈಯಿಂದ ಬಹಳ ಮೃದುವಾಗಿ ಬಿಡಿಸಿಕೊಂಡಿದ್ದರು.

ಹೀಗಿರುವಾಗ ನಮ್ಮ ಕಂಪೆನಿಯ ಸೇಫ್ಟಿ ಇನ್‌ಸ್ಪೆಕ್ಟರ್ ವಿನ್ಸೆಂಟರ ಕಾರಿನಲ್ಲಿ ಒಂದು ಸೀಟು ಖಾಲಿಯಾಯಿತು. ವಿನ್ಸೆಂಟರು ಮಂಗಳೂರಿನವರು, ನಮ್ಮ ಬೀದಿಯಲ್ಲೇ ವಾಸ. ಗಲ್ಫಿನಲ್ಲಿ ಕಾರಿನ ಸೀಟು ಕೇಳುವುದು ಹೆಣ್ಣು ಕೇಳಿದಷ್ಟೇ ಸೂಕ್ಷ್ಮದ ಕೆಲಸ; ಮೂರನೆಯವರ ಮೂಲಕ ಹೇಳಿಸಿ, ಸ್ವಭಾವ ವಿಚಾರಿಸಿ, ಆಮೇಲೆ ಮುಖ ನೋಡುತ್ತಾರೆ. ಮುಖ ನೋಡುವ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ: ಆ ತಂಡದ ಹಾಡು ಕೇಳುತ್ತೀರಾ? ನಾನು ಜನ್ಮದಲ್ಲಿ ಕೇಳಿದ್ದು ಭಜನೆ ಮತ್ತು ತಾಳಮದ್ದಳೆ. ಆದರೆ ನಾಲ್ಕೂವರೆಯ ಬಸ್ಸು ಕಣ್ಣ ಮುಂದೆ ಬಂತು. "ಅವರನ್ನು ಕೇಳದವರು ಉಂಟಾ ವಿನ್ಸೆಂಟ್‌ರೇ?" ಎಂದೆ. ಅವರ ಕಣ್ಣು ತುಂಬಿತು. ಸೀಟು ನನ್ನದಾಯಿತು, ಅದೂ ಮುಂದಿನ ಸೀಟು.

ಹಿಂದಿನ ಸೀಟಿನ ವ್ಯವಸ್ಥೆಯನ್ನು ಹೇಳಿಬಿಡಬೇಕು. ಅದರ ಅರ್ಧಭಾಗದಲ್ಲಿ ಒಂದು ದೊಡ್ಡ ಸ್ಪೀಕರ್ ಪೆಟ್ಟಿಗೆ ಕುಳಿತಿರುತ್ತಿತ್ತು. ಸೇಫ್ಟಿ ಇನ್‌ಸ್ಪೆಕ್ಟರರ ಕಾರಾದ್ದರಿಂದ ಅದಕ್ಕೂ ಸೀಟ್‌ಬೆಲ್ಟ್ ಹಾಕಿತ್ತು. ಉಳಿದ ಅರ್ಧದಲ್ಲಿ ನಮ್ಮ ಪರ್ಚೇಸ್ ವಿಭಾಗದ ಹಮೀದ್‌ಭಾಯಿ. ಇವರು ಬಂಟ್ವಾಳದ ಕಡೆಯ ಬ್ಯಾರಿಗಳು. ಆ ಕಾರನ್ನು ತಮ್ಮ ಭಾವನಿಂದ ವಿನ್ಸೆಂಟರಿಗೆ ಕೊಡಿಸಿದವರೇ ಇವರಾದ್ದರಿಂದ ಅವರ ಸೀಟು ಶಾಶ್ವತ. ಸಿಕ್ಸ್ತ್ ರಿಂಗ್ ರೋಡಿಗೆ ಕಾರು ಏರುವ ಮೊದಲೇ ಅವರು ಸ್ಪೀಕರಿನ ಮೇಲೆ ಕೈಯಿಟ್ಟು ನಿದ್ರೆ ಹೋಗುತ್ತಿದ್ದರು. ಅಷ್ಟು ಸದ್ದಿನ ಬುಡದಲ್ಲೇ ಮಲಗಬಲ್ಲ ಮನುಷ್ಯನ ಮನಸ್ಸಾಕ್ಷಿ ಎಷ್ಟು ಶುದ್ಧವಾಗಿರಬೇಡ ಎಂದು ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಇನ್ನು ಹಾಡುಗಳು. ಅವುಗಳ ಮೊದಲ ಲಕ್ಷಣವೆಂದರೆ ಮುಗಿಯದಿರುವುದು. ಗಾಯಕ ನಾಲ್ಕು ಸಾಲು ಹಾಡುತ್ತಾನೆ. ಹೆಂಡತಿ ಬಿಟ್ಟುಹೋದಳೆಂದೋ, ತಾನೇ ಬಿಟ್ಟುಬಂದೆನೆಂದೋ ಸಂಕಟ ತೋಡಿಕೊಳ್ಳುತ್ತಾನೆ. ಆಮೇಲೆ ಅವನಿಗೆ ಕೆಲಸವಿಲ್ಲ. ಇಬ್ಬರು ಗಿಟಾರಿನವರು ಆ ನಾಲ್ಕು ಸಾಲಿಗೆ ಅರ್ಥ ಹೇಳಲು ತೊಡಗುತ್ತಾರೆ. ಒಬ್ಬ ವಾದ ಹೂಡಿದರೆ ಇನ್ನೊಬ್ಬ ಖಂಡಿಸುತ್ತಾನೆ. ಇಬ್ಬರು ಡ್ರಮ್ಮಿನವರು ಸಾಕ್ಷಿ ಹೇಳುತ್ತಾರೆ. ತಾಳಮದ್ದಳೆ ಕೇಳಿದವನಿಗೆ ಇದು ತೀರ ಹೊಸದಲ್ಲ. ಒಂದು ಪದ್ಯಕ್ಕೆ ಒಂದು ಗಂಟೆ ಅರ್ಥ ಹೇಳುವವರನ್ನು ನಾನು ಕಂಡಿದ್ದೇನೆ. ಆದರೆ ಅಲ್ಲಿ ನಡುವೆ ಎದ್ದು ಹೋಗಿ ಚಾ ಕುಡಿದು ಬರಬಹುದು. ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ಓಡುವ ಕಾರಿನಲ್ಲಿ ಆ ಸೌಕರ್ಯವಿಲ್ಲ.

ವಿನ್ಸೆಂಟರು ಶಿಸ್ತಿನ ಮನುಷ್ಯ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಹೊರಡುವುದು, ಹೊರಡುವಾಗ ತಾವೇ ಆಯ್ದು ತುಂಬಿಸಿದ ಒಂದೇ ಕ್ಯಾಸೆಟ್ಟನ್ನು ಮೊದಲಿನಿಂದ ಹಾಕುವುದು. ಸಂಜೆಗೆ ಬೇರೆ ಕ್ಯಾಸೆಟ್ಟು. ಹಾಡುಗಳ ಹೆಸರು ನನಗೆ ತಿಳಿಯದು. ಕೇಳಿದರೆ ಬಣ್ಣ ಬಯಲಾಗುತ್ತದೆ. ಆದ್ದರಿಂದ ನಾನು ಅವುಗಳನ್ನು ದಾರಿಯಲ್ಲಿ ಸಿಗುವ ಊರುಗಳಿಂದ ಗುರುತಿಟ್ಟುಕೊಂಡೆ. ವಿಮಾನ ನಿಲ್ದಾಣದ ಹಾಡು, ಸಬಾ ಅಲ್ ಸಾಲೆಂ ಹಾಡು, ಮಂಗಾಫ್ ಹಾಡು. ವಿನ್ಸೆಂಟರು ಅಭಿಪ್ರಾಯ ಕೇಳಿದಾಗ ಹೇಳಲು ಒಂದೆರಡು ಮಾತು ಬೇಕಲ್ಲ. ಸ್ಟೋರಿನ ಬೇಡಿಕೆ ಚೀಟಿಗಳ ಹಿಂದೆ ಗುಟ್ಟಾಗಿ ಟಿಪ್ಪಣಿ ಬರೆಯತೊಡಗಿದೆ. ಒಂದು ದಿನ ನನ್ನ ಅಂಗಿ ಒಗೆಯಲು ತೆಗೆದ ಹೆಂಡತಿ ಸುಮತಿಯ ಕೈಗೆ ಅಂಥ ಒಂದು ಚೀಟಿ ಸಿಕ್ಕಿತು: 'ಸಬಾ ಅಲ್ ಸಾಲೆಂ: ಇಬ್ಬರಿಗೂ ಜಗಳ. ಮಂಗಾಫ್: ದುಃಖ. ಫಹಾಹೀಲ್: ಸಮಾಧಾನವಾದಂತೆ ಕಾಣುತ್ತದೆ.' ಅವಳು ಅದನ್ನು ಎರಡು ಸಲ ಓದಿ, ಮಂಗಾಫಿನಲ್ಲಿ ಇರುವುದು ಯಾರು ಎಂದು ಬಹಳ ಶಾಂತವಾಗಿ ಕೇಳಿದಳು. ಇಡೀ ಕಥೆ ಹೇಳಿದೆ. ಅವಳಿಗೆ ನಂಬಿಕೆ ಬಂತು. ಗೌರವ ಮಾತ್ರ ಅಂದೇ ಹೋಯಿತು.

ಎಂಟನೆಯ ತಿಂಗಳಲ್ಲಿ ಮೆಲ್ವಿನ್ ಬಂದ. ಕಂಪೆನಿಗೆ ಹೊಸದಾಗಿ ಸೇರಿದ ಇಂಜಿನಿಯರ್, ಕುವೈಟಿನಲ್ಲೇ ಬೆಳೆದ ಮಂಗಳೂರಿನ ಹುಡುಗ, ಕನ್ನಡವನ್ನು ಇಂಗ್ಲಿಷಿನಲ್ಲಿ ಮಾತಾಡುವವನು. ಮೊದಲ ದಿನವೇ ಅವನ ಬೆನ್ನಿನ ಮೇಲೆ ಆ ತಂಡದ ಚಿತ್ರವಿದ್ದ ಟೀ ಶರ್ಟು! ಕ್ಯಾಂಟೀನಿನಲ್ಲಿ ಅದನ್ನು ಕಂಡ ವಿನ್ಸೆಂಟರು ತಟ್ಟೆ ಕೆಳಗಿಟ್ಟು ಎದ್ದು ನಿಂತರು. ಯಾವ ಊರಿನ ಕಛೇರಿಯಲ್ಲಿ ಯಾವ ಗಿಟಾರಿನವನ ತಂತಿ ಕಡಿಯಿತು ಎಂಬುದೆಲ್ಲ ಅವನಿಗೆ ಬಾಯಿಪಾಠ. ಅವನ ಮನೆಯೂ ಫರ್ವಾನಿಯಾ. ಅವನಿಗೂ ಸೀಟು ಬೇಕು. ಕಾರಿನಲ್ಲಿ ಅಲ್ಲಾಡುವ ಸೀಟೆಂದರೆ ನನ್ನದೊಂದೇ.

ಮರುದಿನ ವಿನ್ಸೆಂಟರು ಕಾರು ನಿಲ್ಲಿಸಿ ವಿಷಯ ತೆಗೆದರು. "ಹೆಬ್ಬಾರ್ರೆ, ಬೇಜಾರ್ ಮಾಡ್ಬೇಡಿ. ಹುಡುಗ ಕೇಳ್ತಾ ಇದ್ದಾನೆ. ನಾಡಿದ್ದು ಶುಕ್ರವಾರ ರಜೆ, ಚರ್ಚಲ್ಲಿ ಪೂಜೆ ಮುಗ್ಸಿ ನಾವೆಲ್ಲ ಫ್ಯಾನ್‌ಗಳು ನಮ್ಮ ಮನೇಲಿ ಸೇರ್ತೇವೆ. ನೀವೂ ಬನ್ನಿ. ನಿಮ್ಮ ಫೇವರಿಟ್ ಹಾಡು ಯಾವುದು, ಯಾಕೆ ಅಂತ ಎಲ್ಲರ ಎದುರು ಹೇಳಿ. ನಿಜವಾದ ಫ್ಯಾನನ್ನು ನಾನು ಕಾರಿಂದ ಇಳಿಸೂದಿಲ್ಲ, ಪ್ರಾಮಿಸ್." ಹಿಂದಿನಿಂದ ಹಮೀದ್‌ಭಾಯಿ ಕಣ್ಣು ತೆರೆಯದೆ, "ಎಂತಾದ್ರೂ ಒಂದು ಹೇಳಿ ಮಾರಾಯ್ರೆ, ಎಲ್ಲಾ ಒಂದೇ ಹಾಡಲ್ವಾ?" ಎಂದರು. ಸೀಟು ಭದ್ರವಿರುವವರಿಗೆ ಮಾತ್ರ ಹೊಳೆಯುವ ಸತ್ಯ ಅದು.

ಅಮೆರಿಕದ ಅಭಿಮಾನಿಗಳ ಪತ್ರಿಕೆಯೊಂದು ವರ್ಷಕ್ಕೊಮ್ಮೆ ಓದುಗರಿಂದ ಮೆಚ್ಚಿನ ಹಾಡುಗಳ ಪಟ್ಟಿ ತರಿಸಿಕೊಳ್ಳುತ್ತಿತ್ತು. ಕುವೈಟಿನಿಂದ ಹೋಗುವ ಪಟ್ಟಿಗೆ ವಿನ್ಸೆಂಟರ ಬಳಗವೇ ಅಧಿಕೃತ, ಏಕೆಂದರೆ ಬೇರೆ ಬಳಗ ಇರಲಿಲ್ಲ. ಶುಕ್ರವಾರ ನಾನು ಹೋದಾಗ ಆರು ಜನ ನೆಲದ ಮೇಲೆ ಕುಳಿತಿದ್ದರು. ಆ ತಂಡದವರು ಏನೇನು ಸೇವಿಸಿ ಬಾರಿಸುತ್ತಿದ್ದರೋ ದೇವರಿಗೇ ಗೊತ್ತು. ಇವರು ದೇಶದ ಕಾನೂನಿಗೆ ವಿಧೇಯರಾಗಿ ಲಬನ್ ಮಜ್ಜಿಗೆ ಕುಡಿಯುತ್ತಿದ್ದರು. ವಿನ್ಸೆಂಟರ ಶ್ರೀಮತಿಯವರು ನನಗೆಂದೇ ಬೇರೆಯಾಗಿ ಇಡ್ಲಿಯಂಥ ಸನ್ನ, ತೆಂಗಿನಕಾಯಿ ಚಟ್ನಿ ಇಟ್ಟಿದ್ದರು. ಮೊದಲ ಸ್ಥಾನಕ್ಕೆ ಜಗಳ ಆಗಲೇ ಕಾವೇರಿತ್ತು. ಇಪ್ಪತ್ತಮೂರು ನಿಮಿಷದ ಉದ್ದ ಹಾಡಿನ ಪರ ವಿನ್ಸೆಂಟರೂ ಇನ್ನಿಬ್ಬರೂ. ಮಾತೇ ಇಲ್ಲದ, ಬರೀ ವಾದ್ಯದ ಹಾಡಿನ ಪರ ಮೆಲ್ವಿನ್ನೂ ಇನ್ನಿಬ್ಬರೂ. ಪಂಚಾಯತಿ ಚುನಾವಣೆಯಲ್ಲೂ ನಾನು ಇಷ್ಟು ಕೆಂಪು ಮುಖಗಳನ್ನು ನೋಡಿಲ್ಲ. ಮೂರಕ್ಕೆ ಮೂರು. ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಎದ್ದು ನಿಂತೆ. ಹಾಡಿನ ಹೆಸರು ಮುಖ್ಯವಲ್ಲ, ಅನುಭವ ಮುಖ್ಯ ಎಂದು ಪೀಠಿಕೆ ಹಾಕಿದೆ. ನನ್ನ ಮೆಚ್ಚಿನ ಹಾಡು ಮಂಗಾಫಿನ ಹತ್ತಿರ ಬರುವಂಥದ್ದು ಎಂದೆ. ಅಲ್ಲಿ ಗಿಟಾರುಗಳ ವಾದವೆಲ್ಲ ಮುಗಿದು ದೊಡ್ಡದೊಂದು ಸುಸ್ತು ಆವರಿಸುತ್ತದೆ, ಆಮೇಲೆ ಮೌನ. ಆ ಮೌನದ ನಟ್ಟನಡುವೆ ಒಂದೇ ಒಂದು ಪೆಟ್ಟು: ಟಕ್. ಅದರ ಹಿಂದೆಯೇ, ಸತ್ತವನು ಎದ್ದು ಬಂದಂತೆ, ಅದೇ ಹಾಡು ಬೇರೆ ಧಾಟಿಯಲ್ಲಿ ಮತ್ತೆ ಹುಟ್ಟುತ್ತದೆ. ಜಗತ್ತಿನ ಯಾವ ಡ್ರಮ್ಮಿನವನೂ ಇಷ್ಟು ಸಂಯಮದಿಂದ ಒಂದು ಪೆಟ್ಟು ಕೊಟ್ಟಿರಲಾರ. ಸಂಜೆಯ ಕ್ಯಾಸೆಟ್ಟಿನಲ್ಲೂ ಅದು ಬರುವುದನ್ನು ಗಮನಿಸಿದ್ದೇನೆ. ದಾಸರ ಪದಗಳಲ್ಲಿ ಅಂಕಿತ ಇರುವ ಹಾಗೆ ಅದು ಈ ತಂಡದ ಮುದ್ರೆ ಇರಬೇಕು. ಇಷ್ಟು ಹೇಳಿ ಕುಳಿತೆ. ನನ್ನ ಮಾತಿಗೆ ನನಗೇ ಮೈ ಜುಮ್ಮೆಂದಿತ್ತು.

 ಮೆಲ್ವಿನ್ ಮೆಲ್ಲಗೆ, "ಅಂಕಲ್, ಅಂಥ ಸಾಂಗೇ ಇಲ್ಲ," ಎಂದ. ವಿನ್ಸೆಂಟರು ಕಾರಿನ ಕೀಲಿ ತೆಗೆದುಕೊಂಡರು.

ಜೂನ್ ತಿಂಗಳ ಮಧ್ಯಾಹ್ನ, ಏಳು ಜನ ಗೃಹಸ್ಥರು ಫರ್ವಾನಿಯಾದ ಒಂದು ಬಯಲಿನಲ್ಲಿ, ಬಾಗಿಲು ತೆರೆದಿಟ್ಟ ಕಾರಿನ ಸುತ್ತ ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡು ನಿಂತೆವು. ಕ್ಯಾಸೆಟ್ಟನ್ನು ಮುಂದಕ್ಕೆ ಓಡಿಸಿದ್ದರೆ ಎರಡು ನಿಮಿಷದ ಕೆಲಸ. ಆದರೆ ಹಾಡನ್ನು ಓಡಿಸುವುದು ಅಭಿಮಾನಿಗಳ ಧರ್ಮದಲ್ಲಿ ನಿಷಿದ್ಧವಂತೆ. ಮೊದಲಿನಿಂದ ಪೂರ್ತಿ ಕೇಳಿದೆವು. ನೆರೆಯ ಈಜಿಪ್ಟಿನ ಯಜಮಾನರೊಬ್ಬರು ಕಿಟಕಿಯಿಂದ ನೋಡಿ, ಯಾರೋ ತೀರಿಕೊಂಡಿರಬೇಕೆಂದು ತಿಳಿದು ಎದೆಯ ಮೇಲೆ ಕೈಯಿಟ್ಟು ಸಂತಾಪ ಸೂಚಿಸಿದರು. ಅರ್ಧ ಗಂಟೆಯ ಮೇಲೆ ಉದ್ದ ಹಾಡು ಮುಗಿಯಿತು. ಮೌನ. ಟಕ್. ಮಾತಿಲ್ಲದ ಹಾಡು ಶುರುವಾಯಿತು.

ಕ್ಯಾಸೆಟ್ಟಿನ ಒಂದು ಬದಿ ಮುಗಿದಾಗ ಯಂತ್ರ ತಾನಾಗಿಯೇ ಇನ್ನೊಂದು ಬದಿಗೆ ತಿರುಗುವ ಸದ್ದು ಅದು. ನಮ್ಮ ಮನೆಯ ಟೇಪ್‌ರೆಕಾರ್ಡರಿನಲ್ಲಿ ಬದಿ ಮುಗಿದರೆ ಗುಂಡಿ ಮೇಲೆ ಹಾರುತ್ತಿತ್ತು. ನಾವು ಎದ್ದು ಹೋಗಿ ಮಗುಚಿ ಹಾಕುತ್ತಿದ್ದೆವು. ಯಂತ್ರಗಳು ಇಷ್ಟು ಮುಂದುವರಿದದ್ದನ್ನು ನನಗೆ ಯಾರೂ ತಿಳಿಸಿರಲಿಲ್ಲ. ಮೆಲ್ವಿನ್ ಬಾನೆಟ್ಟಿನ ಮೇಲೆ ಬಿದ್ದು ನಕ್ಕ. ಬಾನೆಟ್ಟು ಕಾದಿದ್ದರಿಂದ ತಕ್ಷಣ ಎದ್ದ. ನಾನು ಮನಸ್ಸಿನಲ್ಲೇ ಅಲಾರಾಂ ಗಡಿಯಾರವನ್ನು ನಾಲ್ಕಕ್ಕೆ ತಿರುಗಿಸಿದೆ.

ವಿನ್ಸೆಂಟರು ಮಾತ್ರ ನಗಲಿಲ್ಲ. ಬೆವರು ಒರೆಸಿಕೊಂಡು, ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳುವವರ ದನಿಯಲ್ಲಿ ಹೇಳಿದರು: "ಆರು ವರ್ಷ ಆಯ್ತು ಈ ಕಾರು ತಗೊಂಡು. ದೇವರಾಣೆ ಹೇಳ್ತೇನೆ, ಈ ಟಕ್ ನಾನು ಒಂದು ದಿನ ಕೇಳ್ಲಿಲ್ಲ. ನಾವೆಲ್ಲ ನಮಗೆ ಗೊತ್ತಿದ್ದದ್ದನ್ನೇ ಕೇಳೂದು. ಈ ಹೆಬ್ಬಾರ್ರು ಟೇಪಲ್ಲಿ ಇದ್ದದ್ದನ್ನೆಲ್ಲ ಕೇಳಿದ್ದಾರೆ. ಇವ್ರ ಸೀಟ್ ಇವ್ರಿಗೇ."

ಅಷ್ಟರಲ್ಲಿ ನನ್ನ ಮತಕ್ಕೆ ಎಳೆದಾಟ ಶುರುವಾಗಿತ್ತು. ನನ್ನ ಹಾಡಿನ ಬಾಲ ತಮ್ಮದೆಂದು ಒಂದು ಪಕ್ಷ, ತಲೆ ತಮ್ಮದೆಂದು ಇನ್ನೊಂದು. ಮತವನ್ನು ಅರ್ಧರ್ಧ ಹಂಚಲಾಗಿ ಮೂರೂವರೆಗೆ ಮೂರೂವರೆಯಾಯಿತು. ಕೊನೆಗೆ ಕುವೈಟಿನ ಪಟ್ಟಿ ಮೊದಲ ಸ್ಥಾನವನ್ನು ಖಾಲಿ ಬಿಟ್ಟು, ಎರಡನೆಯ ಸ್ಥಾನದಲ್ಲಿ ಎರಡು ಹಾಡುಗಳನ್ನು ಹೊತ್ತುಕೊಂಡು ಅಮೆರಿಕಕ್ಕೆ ಹೋಯಿತು. ಅಲ್ಲಿಯವರು ಏನೆಂದುಕೊಂಡರೋ ತಿಳಿಯದು.

ಮೆಲ್ವಿನ್ನಿಗೂ ಅನ್ಯಾಯವಾಗಲಿಲ್ಲ. ಸ್ಪೀಕರ್ ಪೆಟ್ಟಿಗೆಯನ್ನು ಡಿಕ್ಕಿಗೆ ಸಾಗಿಸಿ ಅವನಿಗೆ ಜಾಗ ಮಾಡಲಾಯಿತು. ಮೊದಲ ವಾರ ಅವನು ಒಂದೊಂದು ಸ್ವರಕ್ಕೂ ಭಾಷ್ಯ ಬರೆದ. ಎರಡನೆಯ ವಾರದಿಂದ ವಿಮಾನ ನಿಲ್ದಾಣ ಬರುವ ಮೊದಲೇ ಹಮೀದ್‌ಭಾಯಿಯ ಭುಜದ ಮೇಲೆ ಬಾಯಿ ತೆರೆದು ಮಲಗತೊಡಗಿದ. ಎಲ್ಲವೂ ಬಾಯಿಪಾಠ ಇರುವವರಿಗೆ ಎಚ್ಚರವಿರುವ ಅಗತ್ಯವೇನು? ಕೇಳುವವರು ನಾವಿಬ್ಬರೇ ಉಳಿದೆವು: ವಿನ್ಸೆಂಟರು ಮತ್ತು ನಾನು.

ಮೂರು ತಿಂಗಳ ಬಳಿಕ ಕಂಪೆನಿ ಹೊಸ ಬಸ್ಸು ತಂದಿತು. ಏಸಿ, ಮಲಗುವಷ್ಟು ಬಾಗುವ ಸೀಟು, ಆರೂಕಾಲಿಗೆ ನಮ್ಮ ಮನೆಯ ಎದುರೇ ನಿಲ್ದಾಣ, ನೇರ ಮೀನಾ ಅಬ್ದುಲ್ಲಾಕ್ಕೆ. ಫರ್ವಾನಿಯಾದ ಸಿಬ್ಬಂದಿಯಲ್ಲಿ ನನ್ನ ಹೆಸರೇ ಮೊದಲು. ಇನ್ನು ಆ ನಾಟಕ ಸಾಕು, ಮನುಷ್ಯರ ಹಾಗೆ ನಿದ್ರೆ ಮಾಡಿಕೊಂಡು ಹೋಗಿ ಎಂದು ಸುಮತಿ ಹೇಳಿದಳು. ಬಸ್ಸು ಬೇಡವೆನ್ನುವವರು ಲಿಖಿತವಾಗಿ ಕಾರಣ ಕೊಡಬೇಕೆಂದು ಆಫೀಸಿನಿಂದ ಫಾರಂ ಬಂತು. ಅದನ್ನು ಎರಡು ದಿನ ಮೇಜಿನ ಮೇಲಿಟ್ಟು ನೋಡಿದೆ. ನಿಜವನ್ನು ಬರೆಯೋಣವೆಂದರೆ ಐವತ್ತು ದಾಟಿದ ಸ್ಟೋರ್‌ಕೀಪರನಿಗೆ ಶೋಭಿಸುವಂತಿರಲಿಲ್ಲ. ಕೊನೆಗೆ, 'ಬಸ್ಸಿನಲ್ಲಿ ಕುಳಿತರೆ ನನಗೆ ತಲೆ ಸುತ್ತುತ್ತದೆ' ಎಂದು ಬರೆದು ಸಹಿ ಹಾಕಿದೆ.